ಬಚ್ಚಲಿಗೊಂದು ಕಬ್ಬಿಣದ ದಾರಂದ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಬಚ್ಚಲ ಬಾಗಿಲು ಎಷ್ಟು ಅಗಲವಿದೆ ಎಂಬುದು ಹತ್ತೊಂಬತ್ತು ವರ್ಷ ಅಲ್ಲಿ ವಾಸವಿದ್ದರೂ ನನಗೆ ಗೊತ್ತಿರಲಿಲ್ಲ. ಅತ್ತೆ ಸೊಂಟದ ಮೂಳೆ ಮುರಿದುಕೊಂಡು, ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದ ದಿನ ಗೊತ್ತಾಯಿತು. ಕುರ್ಚಿ ಹಾಲ್ ದಾಟಿತು, ಪ್ಯಾಸೇಜ್ ದಾಟಿತು, ಬಚ್ಚಲ ಬಾಗಿಲಲ್ಲಿ ಎರಡೂ ಗಾಲಿ ಚೌಕಟ್ಟಿನ ಮರಕ್ಕೆ ತಗುಲಿ ನಿಂತುಬಿಟ್ಟಿತು. ಟೇಪು ಹಿಡಿದು ನೋಡಿದೆ. ಬಾಗಿಲು ಇಪ್ಪತ್ತೆರಡೂವರೆ ಇಂಚು, ಕುರ್ಚಿ ಇಪ್ಪತ್ತೈದು.

ಅಂದಿನಿಂದ ನಾನು ಮತ್ತು ನನ್ನ ಗಂಡ ಇಬ್ಬರೂ ಸೇರಿ ಅತ್ತೆಯನ್ನು ಬಾಗಿಲಲ್ಲಿ ಎತ್ತಿ ಒಳಗಿನ ಸ್ಟೂಲಿನ ಮೇಲೆ ಕೂರಿಸುತ್ತಿದ್ದೆವು. ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ. ನಾಲ್ಕು ಗಂಟೆಗೆ ಕಾಲೇಜಿನಿಂದ ಬರುವ ಮಗಳೊಬ್ಬಳಿಂದ ಅವರನ್ನು ಎತ್ತಲು ಆಗುತ್ತಿರಲಿಲ್ಲ. ನಡುವೆ ಏನಾದರೂ ಬೇಕಾಗುತ್ತದೆಯೇ ಎಂದು ಕೇಳಿದರೆ ಅತ್ತೆ, "ನನಗೆಂತ ಬೇಕು? ನಾನು ಮಲಗಿಯೇ ಇರ್ತೇನಲ್ಲ" ಅನ್ನುತ್ತಿದ್ದರು. ಕಲ್ಯಾಣದಲ್ಲಿ ಮಾವನವರ ಚಿಕ್ಕ ಹೋಟೆಲಿನ ಅಡುಗೆಮನೆಯನ್ನು ಮೂವತ್ತು ವರ್ಷ ನಡೆಸಿದ ಹೆಂಗಸು. ಯಾರಿಗೂ ತೊಂದರೆ ಕೊಡುವುದಿಲ್ಲ ಎಂದು ನಾನು ಆಫೀಸಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಎರಡು ತಿಂಗಳ ಮೇಲೆ ಆ ಬಾಗಿಲ ಚೌಕಟ್ಟಿನ ಮರದ ಬುಡದಲ್ಲಿ ಗೆದ್ದಲಿನ ಮಣ್ಣು ಕಂಡಿತು. ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನಂತೆ ಒಳಗೆ ಹೋಯಿತು. ಹೇಗೂ ತೆಗೆಯಲೇಬೇಕು, ತೆಗೆದ ಮೇಲೆ ಕಬ್ಬಿಣದ್ದೇ ಹಾಕಿಸೋಣ, ತೆಳ್ಳಗಿದ್ದರೆ ಜಾಗ ಉಳಿಯುತ್ತದೆ ಅಂದರು ನನ್ನ ಗಂಡ.

"ಕಬ್ಬಿಣದ ದಾರಂದವಾ? ಮನೆಯಾ ಜೈಲಾ ಇದು?" ಅಂದರು ಅತ್ತೆ. ದಾರಂದ ಎನ್ನುವುದು ಅವರ ಉಡುಪಿ ಕಡೆಯ ಮಾತು. ಮೈಸೂರಿನವಳಾದ ನನಗೆ ಅದು ಬಾಗಿಲವಾಡ. ಇಲ್ಲೇ ಹುಟ್ಟಿದ ಮಗಳಿಗೆ ಫ್ರೇಮ್. "ದಾದಿ, ಫ್ರೇಮ್ ಹೀ ತೋ ಹೈ" ಬರೀ ಫ್ರೇಮ್ ತಾನೇ ಎಂದು ಅವಳು ಅಜ್ಜಿಗೆ ಹಿಂದಿಯಲ್ಲೇ ಸಮಾಧಾನ ಮಾಡಿದಳು.

ಉಲ್ಹಾಸನಗರದ ಒಂದು ವರ್ಕ್‌ಶಾಪಿನಿಂದ ಅಳತೆ ತೆಗೆಯಲು ಬಂದವನು ಐವತ್ತರ ಆಸುಪಾಸಿನ ಫಿಟರ್. ಹತ್ತಿರದ ದಿವಾ ಸ್ಟೇಷನ್ ಕಡೆಯಿಂದ ಓಡಾಡುತ್ತಾನಂತೆ. ನನ್ನ ಜೊತೆ ಹಿಂದಿಯಲ್ಲಿ ಎರಡು ಮಾತಾಡಿ, ಬಾಗಿಲನ್ನು ಬಿಟ್ಟು ಅತ್ತೆಯ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗಾಲಿಗಳನ್ನು ಅಳೆಯತೊಡಗಿದ.

"ಬಾಗಿಲು ಅಲ್ಲಿ, ಇವ ಇಲ್ಲಿ ಎಂತ ಅಳೀತಾನೆ?" ಎಂದು ಅತ್ತೆ ನನ್ನತ್ತ ನೋಡಿದರು.

ಅವನು ತಲೆ ಎತ್ತದೆ, "ಒಳಗ ಹೋಗೂದು ಕುರ್ಚಿ ಅಲ್ಲೇನ್ರಿ ಅವ್ವಾ. ಮೊದಲ ಅದನ್ನ ನೋಡಬೇಕಲ್ರಿ" ಅಂದ. ವಿಜಯಪುರದ ಕಡೆಯವನು. ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

ನಾನು ಚಹಾ ಇಡಲು ಅಡುಗೆಮನೆಗೆ ಹೋದೆ. ಅಲ್ಲಿಂದ ಅವರಿಬ್ಬರ ಮಾತು ಕೇಳಿಸುತ್ತಿತ್ತು. ಯಾವ ಕೈಯಲ್ಲಿ ಹೆಚ್ಚು ಬಲ, ಗಾಲಿ ತಿರುಗಿಸುವಾಗ ಬೆರಳು ಎಲ್ಲಿಗೆ ತಾಗುತ್ತದೆ, ಒಬ್ಬರೇ ಇದ್ದಾಗ ಹೇಗೆ ಎಂದು ಅವನು ಕೇಳುತ್ತ ಹೋದ. ಅತ್ತೆ ಒಂದೊಂದಕ್ಕೂ ಉತ್ತರ ಕೊಟ್ಟರು.

"ಒಬ್ಬಳೇ ಇರುವಾಗ ಹೋಗುದೇ ಇಲ್ಲ. ಹಗಲು ನೀರು ಕುಡಿಯುದು ಬಿಟ್ಟಿದ್ದೇನೆ. ಕುಡಿದ್ರೆ ಹೋಗ್ಬೇಕಲ್ಲ. ಸೊಸೆ ಬರುವಾಗ ಏಳು ಗಂಟೆ ಆಗ್ತದೆ."

"ಬಾಯಿ ಒಣಗೂದಿಲ್ರೀ?"

"ಒಣಗ್ತದೆ. ಎಂತ ಮಾಡುದು? ಲವಂಗ ಹಾಕಿಕೊಳ್ತೇನೆ."

ಚಹಾ ಉಕ್ಕಿ ಒಲೆಯ ಮೇಲೆ ಸುರಿಯಿತು. ಎರಡು ತಿಂಗಳು ಅದೇ ಮನೆಯಲ್ಲಿದ್ದೂ ನನಗೆ ಗೊತ್ತಾಗದ ಸಂಗತಿ, ಕುರ್ಚಿ ಅಳೆಯಲು ಬಂದವನಿಗೆ ಹತ್ತು ನಿಮಿಷದಲ್ಲಿ ಗೊತ್ತಾಗಿತ್ತು. ನಾನು ಕೇಳುತ್ತಿದ್ದುದು 'ಏನಾದರೂ ಬೇಕೇ' ಎಂದು. ಅವನು ಕೇಳಿದ್ದು 'ಹೇಗೆ ಹೋಗುತ್ತೀರಿ' ಎಂದು. ಚಹಾ ಕೊಡುವಾಗ ಅತ್ತೆಯ ಮುಖ ನೋಡಲು ನನಗಾಗಲಿಲ್ಲ.

ಚಹಾ ಕುಡಿದು ಅವನು ಸುತ್ತಿಗೆಯಿಂದ ಗೋಡೆಯನ್ನು ಮೆಲ್ಲಗೆ ಬಡಿದು ಕಿವಿಗೊಟ್ಟ. ಎಡಗಡೆ ಕಟ್ಟಡದ ಪಿಲ್ಲರ್ ಇದೆ, ಅದನ್ನು ಮುಟ್ಟುವಂತಿಲ್ಲ. ಬಲಗಡೆ ಇಟ್ಟಿಗೆ, ಒಂದಿಂಚು ಕೆತ್ತಬಹುದು. ದಪ್ಪ ಮರ ಹೋಗಿ ಉಳಿಯುವ ಮೂರಿಂಚೂ ಸೇರಿ ಒಟ್ಟು ಇಪ್ಪತ್ತಾರೂವರೆ ಸಿಗುತ್ತದೆ ಅಂದ.

"ಹಾಗಾದರೆ ಸಾಕಲ್ಲ?" ಅಂದೆ.

"ಕುರ್ಚಿಗೆ ಸಾಕ್ರಿ, ಅವ್ವಾರ ಕೈಗೆ ಸಾಲೂದಿಲ್ಲ" ಎಂದು, ಅತ್ತೆಯನ್ನು ಮಂಚದ ಮೇಲೆ ಕೂರಿಸಿದ ಮೇಲೆ ಖಾಲಿ ಕುರ್ಚಿಯಲ್ಲಿ ತಾನೇ ಕೂತು ತೋರಿಸಿದ. ಗಾಲಿ ತಿರುಗಿಸುವ ಬೆರಳ ಗೆಣ್ಣುಗಳು ಎರಡೂ ಕಡೆ ಒಂದೊಂದು ಇಂಚು ಹೊರಚಾಚಿದ್ದವು; ಇಪ್ಪತ್ತಾರೂವರೆಯಲ್ಲೂ ಉಜ್ಜುತ್ತವೆ. ಪ್ಯಾಸೇಜಿನಲ್ಲಿ ಹಿಂದಕ್ಕೂ ಮುಂದಕ್ಕೂ ನಾಲ್ಕು ಸಲ ಓಡಾಡಿ, ಕೊನೆಗೆ ಬಾಗಿಲಿನ ಎರಡೂ ಬದಿ ಕೈಚಾಚಿ ಹಿಡಿದು ತನ್ನನ್ನು ತಾನೇ ಎಳೆದುಕೊಂಡ. ಗೆದ್ದಲು ತಿಂದ ಮರ ಕರ್ರೆಂದಿತು. "ಇಲ್ಲಿ ಹಿಡಿಕಿ ಬೆಸೀತೀನ್ರಿ. ಕಬ್ಬಿಣ ಆದ್ರ ತಡೀತೈತಿ. ಗಾಲಿ ಬಿಟ್ಟು ಹಿಡಿಕಿ ಹಿಡದು ಎಳಕೊಂಡ್ರ ಬೆರಳು ಉಳೀತಾವ."

ಆ ವಾರವೆಲ್ಲ ನನಗೆ ಬಾಗಿಲುಗಳದೇ ಗುಂಗು. ಟೇಪನ್ನು ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಿದೆ. ಕೋಪರಖೈರಣೆಯ ನಮ್ಮ ಆಫೀಸಿನ ಟಾಯ್ಲೆಟ್ ಬಾಗಿಲು ಇಪ್ಪತ್ತಮೂರು ಇಂಚು. ಊಟದ ಹೋಟೆಲಿನದು ಇಪ್ಪತ್ತೊಂದು. ಪಕ್ಕದ ಮೇಜಿನವಳು "ಮನೆ ತಗೋತಿದೀರಾ ಏನು?" ಎಂದು ಮರಾಠಿಯಲ್ಲಿ ಕೇಳಿದಳು. ಇಷ್ಟೊಂದು ಬಾಗಿಲುಗಳನ್ನು ಯಾರು, ಯಾರ ಮೈಯಳತೆಗೆ ಮಾಡಿದರು ಎಂದು ಯೋಚಿಸುತ್ತ ಠಾಣೆ ಸ್ಟೇಷನ್ನಿನಲ್ಲಿ ಟ್ರೇನು ಬದಲಿಸುವುದನ್ನೇ ಒಂದು ದಿನ ಮರೆತೆ.

ಶನಿವಾರ ಬೆಳಿಗ್ಗೆ ಕೆಂಪು ಬಣ್ಣ ಬಳಿದ ಬಾಗಿಲವಾಡ ಟೆಂಪೋದಲ್ಲಿ ಬಂತು. ಲಿಫ್ಟಿಗೆ ಹಿಡಿಸಲಿಲ್ಲ. ಫಿಟರ್ ಒಂದು ತುದಿ, ನನ್ನ ಗಂಡ ಇನ್ನೊಂದು ತುದಿ ಹಿಡಿದು ಮೂರು ಮಹಡಿ ಹತ್ತಿಸಿದರು. ಹಳೆಯ ಮರ ಅರ್ಧ ಗಂಟೆಯಲ್ಲಿ ತುಂಡುತುಂಡಾಗಿ ಕೈಗೆ ಬಂತು. ಹೊಸದನ್ನು ನಿಲ್ಲಿಸಿ, ಮರದ ಬೆಣೆ ಬಡಿದು, ನೆಟ್ಟಗೆ ನಿಂತಿದೆಯೇ ನೋಡಲು ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡನ್ನು ಮೇಲಿನಿಂದ ಇಳಿಬಿಟ್ಟ. ಗುಂಡು ತೂಗಾಡಿ ನಿಂತಾಗ ನೋಡಿದರೆ ಬುಡದಲ್ಲಿ ಗೋಡೆ ಅರ್ಧ ಇಂಚು ಹೊರಗಿತ್ತು.

"ನಮ್ಮ ಗೋಡೆಯೇ ಸೊಟ್ಟವೇ?" ಅಂದೆ.

"ಎಲ್ಲಾರ ಮನ್ಯಾಗೂ ಹಿಂಗಽ ಇರ್ತಾವ್ರಿ. ಗ್ವಾಡಿ ಸೊಟ್ಟ ಐತಿ ಅಂತ ಚೌಕಟ್ಟನ್ನೂ ಹಂಗಽ ನಿಲ್ಲಿಸಿದ್ರ ಬಾಗಲಾ ತಾನ ತಾನಽ ತೆರಕೋತೈತಿ."

ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಮೂಲೆಯಿಂದ ಮೂಲೆಗೆ ಅಳೆಸಿದ. ಎರಡು ಓರೆ ಅಳತೆಗಳೂ ಒಂದೇ ಆದರೆ ಮಾತ್ರ ಚೌಕ ಸರಿ. ಮೊದಲ ಸಲ ಕಾಲಿಂಚು ತಪ್ಪಿತು. ಬೆಣೆ ಬಡಿದ. ಮೂರನೆಯ ಸಲ ಸರಿಹೋದಾಗ ನನಗೆ ಯಾವುದೋ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ಆಮೇಲೆ ಗೋಡೆಯಲ್ಲಿ ಕೊರೆದ ಗೂಡುಗಳಿಗೆ ಬಾಗಿಲವಾಡದ ಬದಿಗೆ ಬೆಸೆದ ಕಬ್ಬಿಣದ ಕಿವಿಗಳನ್ನು ಸೇರಿಸಿ ಸಿಮೆಂಟು ತುಂಬಿದ.

ಅತ್ತೆಯ ಕಣ್ಣು ಮಾತ್ರ ಕೆಳಗಿತ್ತು. ಎರಡು ಕಂಬಗಳ ಬುಡಕ್ಕೆ ಒಂದು ಅಡ್ಡಪಟ್ಟಿ ಬೆಸೆದಿತ್ತು. "ಇದೆಂತ, ಪುನಃ ಹೊಸ್ತಿಲು? ಗಾಲಿ ಹತ್ತುದು ಹೇಗೆ?"

"ಸಿಮೆಂಟ್ ಕುಂದ್ರೂತನಾ ಕಂಬ ಒಳಗ ಬಾಗಬಾರದ್ರಿ ಅವ್ವಾ, ಅದಕ್ಕ ಹಾಕೇನಿ. ಬುಧವಾರ ಬಂದು ಕೊಯ್ದು ಹಾಕ್ತೀನಿ. ಅಲ್ಲೀತನಾ ಯಾರೂ ಹಿಡಿಕಿ ಮುಟ್ಟಬ್ಯಾಡ್ರಿ."

ನಾಲ್ಕು ದಿನ ಬಚ್ಚಲಿಗೆ ಪರದೆ ಕಟ್ಟಿದೆವು. ನಾನು ರಜೆ ಹಾಕಿದೆ. ಮಧ್ಯಾಹ್ನ ಪಕ್ಕದ ಫ್ಲ್ಯಾಟಿನ ಮರಾಠಿ ಹೆಂಗಸನ್ನು ಕರೆದು ಇಬ್ಬರೂ ಸೇರಿ ಅತ್ತೆಯನ್ನು ಎತ್ತುತ್ತಿದ್ದೆವು. ಎರಡನೆಯ ದಿನ ಧೈರ್ಯ ಮಾಡಿ ಕೇಳಿದೆ. "ನೀರು ಬಿಟ್ಟದ್ದನ್ನು ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಕೆಲಸ ಬಿಡ್ತಿದ್ದೆ" ಅಂದರು ಅತ್ತೆ.

ಬಿಡುತ್ತಿದ್ದೆನೇ? ಈಗಲೂ ನನಗೆ ಗೊತ್ತಿಲ್ಲ. ಬಿಡುತ್ತಿರಲಿಲ್ಲ ಎಂದೇ ತೋರುತ್ತದೆ. ಆದರೆ ಅವರು ಹಾಗೆ ನಂಬಿದ್ದರು.

ಬುಧವಾರ ಫಿಟರ್ ಬಂದು ಅಡ್ಡಪಟ್ಟಿಯನ್ನು ಕೊಯ್ದು ತೆಗೆದ. ಹೊರಕ್ಕೆ ಗೋಡೆಯವರೆಗೂ ತೆರೆದುಕೊಳ್ಳುವಂತೆ ಬಾಗಿಲು ಕೂರಿಸಿ, ಅದರ ಒಳಮೈಗೆ ಹಗ್ಗ ಕಟ್ಟಿದ ಒಂದು ಹಿಡಿಕೆ, ಸ್ಟೂಲಿನ ಪಕ್ಕದ ಗೋಡೆಗೆ ಇನ್ನೊಂದು ಹಿಡಿಕೆ ಇಟ್ಟಿದ್ದ. ಬಾಗಿಲವಾಡದ ಎರಡು ಹಿಡಿಕೆಗಳಿಗೆ ತಾನು ಮೊದಲು ಜೋತುಬಿದ್ದು ನೋಡಿದ. ಕಬ್ಬಿಣ ಅಲುಗಲಿಲ್ಲ. "ಈಗ ನೀವು ಬರ್ರಿ ಅವ್ವಾ."

ನಾನು ಕುರ್ಚಿಯ ಹಿಂದೆ ಕೈಹಾಕಲು ಹೋದೆ. "ನೀನು ಬಿಡು" ಅಂದರು ಅತ್ತೆ. ಎರಡೂ ಹಿಡಿಕೆ ಹಿಡಿದರು. ತೊಗರಿಬೇಳೆಯ ದೊಡ್ಡ ತಪ್ಪಲೆಗಳನ್ನು ಇಳಿಸಿದ ತೋಳುಗಳು. ಒಂದೇ ಸಲ ಎಳೆದುಕೊಂಡು ಒಳಗೆ ಹೋದರು. ಬಾಗಿಲ ಹಿಡಿಕೆಗೆ ಕಟ್ಟಿದ್ದ ಹಗ್ಗವನ್ನೆಳೆದು ಮುಚ್ಚಿಕೊಂಡು ಚಿಲಕ ಹಾಕಿದರು.

ನಾನು ಮತ್ತು ಫಿಟರ್ ಹೊರಗೆ ನಿಂತೆವು. ಒಳಗೆ ನಲ್ಲಿ ಬಿಟ್ಟ ಸದ್ದು, ನಿಂತ ಸದ್ದು, ಮತ್ತೆ ಬಿಟ್ಟ ಸದ್ದು. ಐದು ನಿಮಿಷ ಕಳೆಯಿತು. ಏನು ಮಾಡುತ್ತಿರಬಹುದು ಎಂದು ನಾನು ಬಾಗಿಲಿಗೆ ಕಿವಿ ಹಚ್ಚಿದೆ.

"ಅಲ್ಲಿ ನಿಂತು ಎಂತ ಕೇಳ್ತೀ?" ಎಂದು ಒಳಗಿನಿಂದ ಅತ್ತೆಯ ಧ್ವನಿ ಬಂತು. "ಹೋಗು, ಅವನಿಗೆ ಊಟ ಬಡಿಸು."

ಫಿಟರ್ ನಗುತ್ತ ಕೈತೊಳೆಯಲು ಅಡುಗೆಮನೆಯ ಕಡೆ ನಡೆದ. ನಾನೂ ಅವನ ಹಿಂದೆ ಹೋದೆ.