ಬಾಯಿಗೆ ಬಾರದ ಹೆಸರು

ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನಾನು ಸಹಾಯಕಿಯರಿಗೆ ರೋಗಿಗಳ ವಿವರವನ್ನು ಕಂಪ್ಯೂಟರಿಗೆ ತುಂಬುವುದನ್ನು ಕಲಿಸುತ್ತೇನೆ. ಅಭ್ಯಾಸಕ್ಕೆಂದು ಒಬ್ಬರು ರೋಗಿಯಾಗುತ್ತಾರೆ, ಇನ್ನೊಬ್ಬರು ಕೇಳಿ ತುಂಬುತ್ತಾರೆ. ತಿಕೋಟಾದ ದವಾಖಾನೆಯಿಂದ ಬಂದಿದ್ದ ನಡುವಯಸ್ಸಿನ ಸಹಾಯಕಿ ಅಂದು ರೋಗಿಯಾಗಿದ್ದಳು. ಗಂಡನ ಹೆಸರು ಕೇಳಿದಾಗ ಸೆರಗನ್ನು ಬಾಯಿಗಿಟ್ಟುಕೊಂಡಳು.

“ಹೇಳ ಬೇ ಅಕ್ಕಾ, ಹೆಸರಿಲ್ದ ಇದು ಮುಂದ ಹೋಗಂಗಿಲ್ಲ,” ಎಂದಳು ಎದುರಿನ ಹುಡುಗಿ.

“ಹೆಸರ ತಗೊಂಡ್ರ ಅವರ ಆಯುಷ್ಯ ಕಡಿಮಿ ಆಕ್ಕೈತಿ. ನಿನ್ನ ಕಂಪ್ಯೂಟರ್ ತಂದ ಕೊಡ್ತೈತೇನ? ಆ ಕಡೆ ಸರಿ, ನಾನ ಬರೀತೇನಿ.”

ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ನಾವೆಲ್ಲ ನಕ್ಕೆವು.

ಕೆಲವು ತಿಂಗಳ ನಂತರ, ಎದೆನೋವೆಂದು ಗಂಡನನ್ನು ನಮ್ಮ ಆಸ್ಪತ್ರೆಗೇ ಕರೆತಂದಳು. ನೋಂದಣಿಗೆ ಅದೇ ಹುಡುಗಿ ಕೂತಿದ್ದಳು, ನಾನೂ ಪಕ್ಕದಲ್ಲಿದ್ದೆ. ಹುಡುಗಿ ಏನೂ ಕೇಳದೆ ಕೀಬೋರ್ಡನ್ನು ಅವಳತ್ತ ತಿರುಗಿಸಿದಳು. ಇವಳು ಹುಡುಕಿದಳು, ಅಕ್ಷರ ಸಿಗಲಿಲ್ಲ. ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಆಮೇಲೆ ಅವರು ಮಲಗಿದ್ದ ಸ್ಟ್ರೆಚರಿನ ಕಡೆ ತಿರುಗಿ ಮತ್ತೊಮ್ಮೆ ಹೆಸರು ಹಿಡಿದು ಕರೆದಳು.

ಡಾಕ್ಟರು ಬಂದು ನೋಡುವಷ್ಟರಲ್ಲಿ ಜೀವ ಹೋಗಿತ್ತು.

“ನಾ ಹೆಸರ ತಗೋಬಾರದಿತ್ತರಿ, ಮೇಡಂ.”

“ನೀವು ಹೇಳೂ ಮೊದಲ ಹೋಗಿದ್ರು,” ಎಂದೆ. ಅವಳು ಇಂದಿಗೂ ನನ್ನ ಆ ಮಾತನ್ನೇ ಹಿಡಿದುಕೊಂಡಿದ್ದಾಳೆ. ಆದರೆ ಎರಡನೇ ಸಲ ಕರೆದಾಗ ಅವರ ರೆಪ್ಪೆ ಅಲುಗಿತೆಂದು ನನಗೆ ನೆನಪು. ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದು ಸಲವಾದರೂ ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಕೇಳಿಸಿಕೊಂಡರು ಎಂದು ಅವಳಿಗೆ ಹೇಳುವ ಆಸೆ ನನಗೆ. ಹೇಳಿದರೆ, ಅವಳು ಹೆಸರು ತೆಗೆದುಕೊಂಡಾಗ ಇನ್ನೂ ಜೀವವಿತ್ತು ಎಂದೂ ಅವಳಿಗೆ ತಿಳಿಯುತ್ತದೆ.