ಸಾಹೇಬರ ಕೋಟಿನ ಮೂರನೇ ಗುಂಡಿ

ಬೆಳಗಿನ ಜಾವ ಐದು ಗಂಟೆ. ಕಟ್ಟಡದ ಮೆಟ್ಟಿಲ ಕೆಳಗೆ ಇಸ್ತ್ರಿ ಅಕ್ಕ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಾರೆ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ. ಇಪ್ಪತ್ತೆರಡು ವರ್ಷ ಬಗ್ಗಿ ಬಗ್ಗಿ ಬೆನ್ನೇ ಆ ಜಾಗದ ಅಳತೆಗೆ ಬಂದಿದೆ. ಆರು ಕಿಲೋ ತೂಕದ ಪೆಟ್ಟಿಗೆ, ದಿನಕ್ಕೆ ತೊಂಬತ್ತು ಬಟ್ಟೆ. ಹಿಂದಿನ ಓಣಿಯ ಕೋಣೆಯಲ್ಲಿ ಹಾಸಿಗೆ ಹಿಡಿದಿರುವ ಗಂಡ ಕೆಮ್ಮಿದರೆ ಎಲ್ಲ ಬಿಟ್ಟು ಓಡುತ್ತಾರೆ.

"ಇಲ್ಲಿಂದ ಅವರ ಕೆಮ್ಮು ಕೇಳ್ಸುತ್ತೆ. ಅದಕ್ಕೇ ಈ ಜಾಗ ಬೇಕು. ಇಲ್ದಿದ್ರೆ ಇಲ್ಲೇನಿದೆ, ಹೊಗೆ, ಜಿರಳೆ!"

ಆ ಜಾಗವನ್ನು ಭಾನುವಾರದೊಳಗೆ ಖಾಲಿ ಮಾಡಬೇಕು. ಕಾರಣ ಒಂದು ಸಿನಿಮಾ ಎಂದರೆ ನಗಬೇಡಿ.

ಹದಿನೈದು ವರ್ಷದ ಹಿಂದೆ ತಾರಸಿಯ ಕೋಣೆಯಲ್ಲಿ ಸಿನಿಮಾ ಹುಚ್ಚಿನವನೊಬ್ಬ ಬಾಡಿಗೆಗಿದ್ದ. ಇಪ್ಪತ್ತು ನಿಮಿಷದ ಚಿತ್ರ ತೆಗೆಯಲು ಅವನಿಗೊಂದು ಶ್ರೀಮಂತರ ಕೋಟು ಬೇಕಿತ್ತು. ಮೂರನೇ ಮಹಡಿ ಸಾಹೇಬರ ಕೋಟು ಅಕ್ಕನ ಬಳಿ ಇಸ್ತ್ರಿಗೆ ಬಂದಿತ್ತು. "'ಅಕ್ಕಾ, ಒಂದೇ ದಿನ' ಅಂತ ಕೈಮುಗಿದ. ಕರುಳು ಚುರುಕ್ ಅಂತು, ಕೊಟ್ಬಿಟ್ಟೆ. ತಪ್ಪೇ, ಇಲ್ಲ ಅನ್ನಲ್ಲ."

ಚಿತ್ರದಲ್ಲಿ ಒಡೆಯನ ಕೋಟು ತೊಟ್ಟ ಆಳಿಗೆ ಅತಿಥಿಗಳೆಲ್ಲ ಸಲಾಮು ಹೊಡೆಯುತ್ತಾರೆ. ಬನಿಯನ್ನಿನಲ್ಲಿ ಬಂದ ಒಡೆಯನನ್ನು ಅವನದೇ ಕಾವಲುಗಾರ ಹೊರಗೆ ತಳ್ಳುತ್ತಾನೆ. ಅದನ್ನು ತೆಗೆದವನು ಈಗ ಹೆಸರಾಂತ ನಿರ್ದೇಶಕ. ಅಂದು ಅವನನ್ನು ಲಿಫ್ಟ್ ಹತ್ತಲು ಬಿಡದವರೇ ಹೋದ ತಿಂಗಳು ಕಟ್ಟಡದ ವಾರ್ಷಿಕೋತ್ಸವದಲ್ಲಿ 'ನಮ್ಮ ಹುಡುಗನ ಚಿತ್ರ' ಎಂದು ಹೆಮ್ಮೆಯಿಂದ ತೋರಿಸಿದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು, ಸಾಹೇಬರೂ. ಆಮೇಲೆ ಪರದೆಯ ತುಂಬ ಕೋಟು ಬಂತು: ಮೂರು ಕಪ್ಪು ಗುಂಡಿ, ಒಂದು ಕಂದು. ಮೂರನೆಯದು ಕಳೆದಾಗ ಅಕ್ಕನೇ ಕೈಗೆ ಸಿಕ್ಕಿದ್ದನ್ನು ಹೊಲಿದಿದ್ದರು. ಸಾಹೇಬರ ನಗು ಅಲ್ಲಿಗೇ ನಿಂತಿತು. ಬಾಗಿಲ ಬಳಿ ನಿಂತಿದ್ದ ಅಕ್ಕನತ್ತ ತಿರುಗಿದರು. ಕೊನೆಗೆ ಬಂದ ಹೆಸರುಗಳಲ್ಲಿ ಚಿತ್ರದಲ್ಲಿ ಸುಳಿದ ನಾಯಿಯ ಹೆಸರೂ ಇತ್ತು. ಅಕ್ಕನದಿರಲಿಲ್ಲ.

ಮರುದಿನ ಚೀಟಿ ಅಂಟಿತು: ಮೆಟ್ಟಿಲ ಕೆಳಗಿನ ಜಾಗ ಸೈಕಲ್ ನಿಲ್ಲಿಸಲು ಬೇಕಾಗಿದೆ. ಚಪ್ಪಾಳೆ ತಟ್ಟಿದ ಕೈಗಳೇ ಅದಕ್ಕೂ ಸಹಿ ಹಾಕಿವೆ. ಓದಿದರೆ ಮೈ ಉರಿಯುತ್ತದೆ.

ಅಕ್ಕ ನಿರ್ದೇಶಕನಿಗೆ ಫೋನ್ ಮಾಡಿದ್ದರು. "ತುಂಬಾ ಹೊತ್ತು ನಕ್ಕ. 'ಅಕ್ಕಾ, ಇದು ಆ ಚಿತ್ರಕ್ಕಿಂತ ಚೆನ್ನಾಗಿದೆ, ಬರೆದಿಟ್ಕೋತೀನಿ' ಅಂದ. ನನಗೆ ನಗು ಬರ್ಲಿಲ್ಲ. ಫೋನ್ ಇಟ್ಟೆ."

ಇವತ್ತು ಮೇಜಿನ ಮೇಲೆ ಅದೇ ಕೋಟು ಇದೆ. ಸಾಹೇಬರಿಗೆ ಸಂಜೆ ಔತಣವಿದೆ, ಅವರ ಕಾಲರ್ ಕೂರಿಸಲು ಬೇರೆ ಯಾರಿಗೂ ಬರುವುದಿಲ್ಲ. "ಕೆಮ್ಮು ಕೇಳೋಷ್ಟು ಹತ್ರ ಇನ್ನೊಂದು ಮೂಲೆ ಸಿಕ್ರೆ ಸಾಕು" ಎನ್ನುತ್ತಾ ಅಕ್ಕ ನೀರು ಚಿಮುಕಿಸುತ್ತಾರೆ. ಓಣಿಯಿಂದ ಕೆಮ್ಮು ಕೇಳುತ್ತದೆ. ಪೆಟ್ಟಿಗೆ ಪಕ್ಕಕ್ಕಿಟ್ಟವರು, ಹೊರಡುವ ಮುನ್ನ ಕೋಟಿನ ಮೇಲೊಮ್ಮೆ ಅಂಗೈ ಆಡಿಸುತ್ತಾರೆ.

"ಅಷ್ಟು ದೊಡ್ಡ ಪರದೆ ಮೇಲೆ ಬಂತಲ್ಲ, ನೋಡಿದೋರನ್ನ ಕೇಳಿ. ಎಲ್ಲಾದ್ರೂ ಒಂದು ಸುಕ್ಕು ಕಾಣಿಸ್ತಾ?"