ಮಡಿವಾಳೆಪ್ಪಜ್ಜನ ಬೂಟಿನ ನ್ಯಾಯ

ಮಡಿವಾಳೆಪ್ಪಜ್ಜ ಎಡಗಿವಿಯನ್ನು ಗಾಡಿಯ ಅಚ್ಚಿಗೆ ಆನಿಸಿದನೆಂದರೆ ನವಲಗುಂದ ತಾಲೂಕಿನ ಕಾಗೆಗಳೆಲ್ಲ ಬಾಯಿ ಮುಚ್ಚುತ್ತಿದ್ದವು, ಹೊಲದ ಹತ್ತಿಕಾಯಿಗಳು ಒಡೆಯುವುದನ್ನು ತುಸು ಮುಂದೂಡುತ್ತಿದ್ದವು ಎಂಬುದು ನಮ್ಮೂರಿನ ನಂಬಿಕೆ. ಎತ್ತುಗಳು ಖಾಲಿ ಗಾಡಿ ಎಳೆದೋಡುವ ಶರ್ಯತ್ತಿಗೆ ಅವನೇ ಕಾಯಂ ಪಂಚ. ಕಲ್ಲಂಗಡಿ, ಟ್ರಾಕ್ಟರು, ಸೊಸೆ ತಂದ ಮಿಕ್ಸರು, ಯಾವುದಕ್ಕೂ ಕಿವಿ ಇಡದೆ ತೀರ್ಪು ಕೊಟ್ಟವನಲ್ಲ. ಹಿಂದೆ ಎಲ್ಲರೂ ತಂತಮ್ಮ ಗಾಡಿ ತರುತ್ತಿದ್ದ ಕಾಲದಲ್ಲಿ, ಹಗುರಾಗಿ ಉರುಳಲೆಂದು ಅಚ್ಚಿನೊಳಗೆ ಬೇರಿಂಗ್ ಬಚ್ಚಿಟ್ಟುಕೊಂಡು ಬಂದ ಗಾಡಿಯೊಂದನ್ನು ಕಿವಿಯಿಂದಲೇ ಹಿಡಿದನಂತೆ. ಆ ಕಿವಿ ಬಹಳ ಹಿಂದೆಯೇ ಕಿವುಡಾಗಿದೆ ಎಂದು ಅವನ ಹೆಂಡತಿ ನೀಲಕ್ಕ ಹೇಳುತ್ತಾಳೆ. ಹೆಂಡತಿಯರ ಮಾತನ್ನು ಚರಿತ್ರೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂಥ ಮಹಾಪುರುಷನ ಮುಂದೆ ಹೋದ ವರ್ಷ ಒಂದು ಜೋಡಿ ಬೂಟು ಬಂತು.

ಯುವಕ ಸಂಘದ ಓಟದಲ್ಲಿ ಗೆದ್ದವನನ್ನು ಧಾರವಾಡದ ಕೋಚ್ ಒಬ್ಬರ ಬಳಿ ವರ್ಷವಿಡೀ ಇರಿಸಿ ಓಡಲು ಕಲಿಸುವುದೆಂದು ಠರಾವಾಗಿತ್ತು. ಒಬ್ಬನಿಗೆ ಮಾತ್ರ. ಆ ಒಬ್ಬ ಫಕೀರೇಶನೇ ಎಂದು ಊರಿಗೆಲ್ಲ ಗೊತ್ತಿತ್ತು. ಹಗಲೆಲ್ಲ ಗೌಂಡಿಯ ಕೈಕೆಳಗೆ ಇಟ್ಟಿಗೆ ಹೊತ್ತು, ನಸುಕಿನಲ್ಲಿ ಕಾಲುವೆಯ ದಂಡೆಯ ಮೇಲೆ ಬರಿಗಾಲಲ್ಲಿ ಓಡುತ್ತಿದ್ದ ಹುಡುಗ. ವಯಸ್ಸಿನ ಮಿತಿ ನೋಡಿದರೆ ಅವನಿಗದು ಕೊನೆಯ ಓಟ. ಅಷ್ಟರಲ್ಲಿ ಸಂಗನಬಸವ ಗೌಡರ ಮಗ ಈರೇಶ ಎಲ್ಲಿಂದಲೋ ಬೂಟು ತರಿಸಿದ. ಹಿಮ್ಮಡಿಯ ಕೆಳಗೆ ಸ್ಪ್ರಿಂಗುಗಳು ಸಾಲಾಗಿ ಕೂತಿದ್ದವು. ಕಾಲೂರಿದರೆ ಸಾಕು, ಮೈ ತಾನೇ ಮುಂದಕ್ಕೆ ಚಿಮ್ಮುತ್ತಿತ್ತು. ಅದನ್ನು ನೋಡಿಯೇ ಉಳಿದ ಹುಡುಗರು ಹಿಂದೆ ಸರಿದರು. ಫಕೀರೇಶ ಸರಿಯಲಿಲ್ಲ. ಓಟದ ದಿನ, ಅದಕ್ಕೂ ಪಂಚನಾಗಿ ಕೂತಿದ್ದ ಅಜ್ಜನ ಮುಂದೆ ಹೋಗಿ ನಿಂತ.

"ಅಜ್ಜಾರ, ದೊಡ್ಡ ಓಟದಾಗ ಇಂಥಾ ಬೂಟು ನಡ್ಯಂಗಿಲ್ರಿ. ಅಡಿ ಎಷ್ಟು ದಪ್ಪ ಇರಬೇಕಂತ ಅಳತಿ ಐತ್ರಿ. ಸ್ಪ್ರಿಂಗ್ ಇದ್ರ ಹೊರಗ ಹಾಕ್ತಾರ್ರಿ."

"ನಿನಗ ಬೂಟಿಲ್ಲಂತ ಹೊಟ್ಟಿಕಿಚ್ಚೇನಲೇ?" ಎಂದ ಈರೇಶ.

ಅಜ್ಜ ಕೈ ಎತ್ತಿದ. ಬೂಟು ತರಿಸಿ ಎಡಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ನೆರೆದವರು ಉಸಿರು ಬಿಗಿಹಿಡಿದರು.

"ಸ್ಪ್ರಿಂಗ್ ಐತಿ," ಎಂದ ಕಡೆಗೆ. ಎಲ್ಲರಿಗೂ ಕಾಣುತ್ತಿದ್ದದ್ದೇ, ಆದರೂ ಚಪ್ಪಾಳೆ ಬಿತ್ತು. "ಹಂಗಂತ ಹೊರಗ ಹಾಕೂದು ನ್ಯಾಯಲ್ಲ. ಗಾಡಿ ಶರ್ಯತ್ತಿನಾಗ ಏನ್ಮಾಡ್ತೀವಿ? ಎಲ್ಲಾ ಎತ್ತಿಗೂ ಒಂದ ಗಾಡಿ. ಪಾಳಿ ಪ್ರಕಾರ ಒಂದ ನಿಮಿಷ ಓಡಸೂದು, ಟೇಪ್ ಹಿಡದು ಅಳಿಯೂದು. ಇಲ್ಲೂ ಹಂಗ. ಇಬ್ಬರಿಗೂ ಇದ ಬೂಟು."

ಜಗತ್ತಿನ ಕ್ರೀಡಾ ಪಂಡಿತರು ಬೂಟಿನ ಅಡಿ ಅಳೆದು ಅಳೆದು ಸುಸ್ತಾಗಿದ್ದ ಪ್ರಶ್ನೆ ನಮ್ಮೂರ ಬೇವಿನ ಮರದ ನೆರಳಲ್ಲಿ ಹೀಗೆ ಬಗೆಹರಿಯಿತು.

"ನನ್ನ ಕಾಲು ಅದರಾಗ ಹಿಡ್ಯಾಂಗಿಲ್ರಿ ಅಜ್ಜಾರ. ನಾ ಬರಿಗಾಲಲೇ ಓಡ್ತೀನ್ರಿ."

"ನೀ ಹಗುರಾಗಿ ಓಡಿದ್ರ ಈರೇಶಗ ಮೋಸ ಆಗೂದಿಲ್ಲೇನು? ಹಾಕ್ಕೋ!"

ಈರೇಶ ಮೊದಲು ಓಡಿದ. ಓಡಿದ ಅನ್ನುವುದಕ್ಕಿಂತ ಜಿಗಿದ. ಆಮೇಲೆ ಅದೇ ಬಿಸಿಬಿಸಿ ಬೂಟಿಗೆ ಫಕೀರೇಶನ ಕಾಲು ತುರುಕಲು ಇಬ್ಬರು ಬೇಕಾದರು. ಒಬ್ಬ ಹಿಮ್ಮಡಿ ಒತ್ತಿದ, ಇನ್ನೊಬ್ಬ ಶೇಂಗಾ ಎಣ್ಣೆ ಸುರಿದ. ಎತ್ತು ಓಡಿಸಿದ ರೂಢಿಯಿಂದ ಜನ ಕೇಕೆ ಹಾಕುತ್ತ ಅವನ ಬೆನ್ನು ಹತ್ತಿದರು. ಬೆರಳು ಮಡಚಿಕೊಂಡ ಫಕೀರೇಶ ಸ್ಪ್ರಿಂಗು ಎಸೆದ ಕಡೆ ಹೋದ: ಮೊದಲು ಜಾಲಿಕಂಟಿಗೆ, ಆಮೇಲೆ ಮುಖ ಅಡಿಯಾಗಿ ಎರೆಮಣ್ಣಿಗೆ. ಎದ್ದು ಮತ್ತೆ ಓಡಿದ, ಮತ್ತೆ ಬಿದ್ದ. ನಿಮಿಷ ಮುಗಿಯಿತು. ಟೇಪು ಹಿಡಿದವರು ನಗು ತಡೆಯಲಾರದೆ ಎರಡು ಸಲ ಅಳೆಯಬೇಕಾಯಿತು. ಬೂಟು ಎಳೆದು ತೆಗೆದಾಗ ಹೆಬ್ಬೆರಳಿನ ಉಗುರು ಒಳಗೇ ಉಳಿಯಿತು.

"ಥೂ, ಬೂಟು ಹೊಲಸ ಮಾಡಿದ್ಯಲ್ಲಲೇ!" ಎಂದ ಈರೇಶ.

ಈರೇಶ ಧಾರವಾಡಕ್ಕೆ ಹೋದ. ಫಕೀರೇಶ ಕುಂಟುತ್ತ ಇಟ್ಟಿಗೆ ಹೊರಲು ಹೋದ. ಅಜ್ಜನ ಕೀರ್ತಿ ಕುಂದಗೋಳದವರೆಗೂ ಹಬ್ಬಿ, ಅಲ್ಲಿಯ ಯಾವುದೋ ಸಂಘದಿಂದ ಶಾಲು ಬಂತು.

ಫಕೀರೇಶನಿಗೆ ಶಾಲೆಯಲ್ಲಿ ಓಟ ಕಲಿಸಿದ್ದ ನೇತ್ರಾ ಟೀಚರು ಸುದ್ದಿ ಕೇಳಿ ಸಿಟ್ಟಿನಿಂದ ಅಜ್ಜನ ಮನೆಗೇ ಬಂದರು. ಅಜ್ಜ ಆ ಬಿಸಿಲಿನಲ್ಲೂ ಶಾಲು ಹೊದ್ದು ಜಮಖಾನದ ಮೇಲೆ ಕೂತಿದ್ದ.

"ಅಷ್ಟೆಲ್ಲಾ ಯಾಕ ಬೇಕಿತ್ರಿ ಅಜ್ಜಾ? ಈರೇಶಗ ಬೂಟು ಬಿಚ್ಚು ಅಂದಿದ್ರ ಮುಗೀತಿತ್ತಲ್ರಿ? ಇಬ್ಬರೂ ಬರಿಗಾಲಲೇ ಓಡ್ತಿದ್ರು."

"ಹೆಂಗ ಅನ್ನಲಿ ಯವ್ವಾ," ಎಂದ ಅಜ್ಜ, "ಅವತ್ತ ಮಧ್ಯಾಹ್ನದ ಊಟ ಗೌಡರ ಮನ್ಯಾಗಿತ್ತು."